ನಿಂತ ಲಿಫ್ಟ್ ಬೀಳಂಗಿಲ್ಲ

ಚಾಚಾ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಲಿಫ್ಟಿನೊಳಗೆ ಅಂಟಿಸಿದ್ದ ನೋಟೀಸಿನಿಂದ. 'ನಮ್ಮ ಸೊಸೈಟಿಯ ಲಿಫ್ಟ್ ಮೆಕ್ಯಾನಿಕ್ ನಿಧನರಾಗಿದ್ದಾರೆ. ಇನ್ನು ಮುಂದೆ ದೂರುಗಳಿದ್ದಲ್ಲಿ ಕೆಳಗಿನ ನಂಬರಿಗೆ ಫೋನ್ ಮಾಡಬೇಕು' ಎಂದು ಸೆಕ್ರೆಟರಿ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡಿಸಿದ್ದರು. ಎರಡು ವಾಕ್ಯಕ್ಕೆ ಮನುಷ್ಯ ಮುಗಿದಿದ್ದ. ಅದನ್ನು ಓದುವಷ್ಟರಲ್ಲಿ ನಮ್ಮ ಆರನೆಯ ಮಹಡಿ ಬಂತು. ನಾನು ಇಳಿಯಲಿಲ್ಲ. ಕೆಳಗೆ ಹೋಗಿ, ಇನ್ನೊಮ್ಮೆ ಓದುತ್ತ ಮೇಲೆ ಬಂದೆ.

ಅವರ ಹೆಸರು ಇಲ್ಲಿ ಬೇಡ. ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಂಟು ವರ್ಷದ ಮಕ್ಕಳಿಂದ ಎಂಬತ್ತರ ಮುದುಕರವರೆಗೆ ಎಲ್ಲರಿಗೂ ಅವರು ಚಾಚಾ. ಬಿಜಾಪುರದ ಕಡೆಯವರು. ಮನೆಯಲ್ಲಿ ದಖ್ಖನಿ, ಸಿಕ್ಕಿದರೆ ಕನ್ನಡ, ಸೊಸೈಟಿಯವರೊಡನೆ ಹಿಂದಿ, ಕೆಟ್ಟ ಲಿಫ್ಟಿನೊಡನೆ ಮೂರೂ. ಬಡಕಲು ದೇಹ, ಕಿವಿಯ ಮೇಲೆ ಪೆನ್ಸಿಲ್, ಶರ್ಟಿನ ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ಬಡೇಸೋಪು. ಸಮಯ ಪಾಲನೆ ಎಂಬುದು ಅವರಲ್ಲಿ ಇರಲಿಲ್ಲ. ಫೋನ್ ಮಾಡಿದರೆ "ಕುರ್ಲಾಕ್ಕ ಬಂದೀನ್ರಿ" ಅನ್ನುತ್ತಿದ್ದರು. ಹಿಂದೆ ಕುಕ್ಕರ್ ಸೀಟಿ ಕೇಳಿಸುತ್ತಿತ್ತು. ಹೊಗಳಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಥ್ಯಾಂಕ್ಸ್ ಅಂದರೆ, ಯಾರಿಗೆ ಹೇಳಿದ್ದು ಅಂತ ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ಉಡುಪಿಯಿಂದ ಬಂದು ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರ ಮಗಳು ನಾನು. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಮಲಾಡ್‌ನಲ್ಲಿ ಒಂದು ಆರೋಗ್ಯ ವಿಮೆಯ ಕಂಪನಿಯಲ್ಲಿ ಕೆಲಸ. ಜನ ಕಳಿಸಿದ ಆಸ್ಪತ್ರೆ ಕಾಗದಗಳನ್ನು ಓದಿ ಎಲ್ಲ ಸರಿ ಇದೆಯೋ ಇಲ್ಲವೋ ನೋಡುವುದು. ದಿನಕ್ಕೆ ಮೂವತ್ತು ನಲವತ್ತು ಜನರ ಕಾಯಿಲೆ ಓದುತ್ತಿದ್ದೆ. ಸಂಜೆಯ ಹೊತ್ತಿಗೆ ಅದರಲ್ಲಿ ಮೂರ್ನಾಲ್ಕು ನನಗೂ ಇರುತ್ತಿದ್ದವು. ಮನೆ ಬಿಡುವ ಮುಂಚೆ ಗ್ಯಾಸ್ ಆಫ್ ಆಗಿದೆಯಾ ಎಂದು ಮೂರು ಸಲ ನೋಡುತ್ತಿದ್ದೆ. ಮಗಳು ಶಾಲೆಯಿಂದ ಹತ್ತು ನಿಮಿಷ ತಡವಾದರೆ ಪೊಲೀಸರಿಗೆ ಕೊಡಲು ಅವಳ ಯಾವ ಫೋಟೋ ಒಳ್ಳೆಯದಿದೆ ಎಂದು ಹುಡುಕುತ್ತಿದ್ದೆ. ಇದಕ್ಕೆಲ್ಲ ನಾನು 'ಜಾಗ್ರತೆ' ಎಂದು ಹೆಸರಿಟ್ಟುಕೊಂಡಿದ್ದೆ.

ಅಂಥ ನಾನು ನಾಲ್ಕು ವರ್ಷದ ಹಿಂದೆ ಒಂದು ಜೂನ್ ಮಧ್ಯಾಹ್ನ, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು, ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡೆ.

ನಮ್ಮದು ಆಗ ಹಳೆಯ ಲಿಫ್ಟು, ಎಳೆದು ಮುಚ್ಚುವ ಜಾಲರಿ ಬಾಗಿಲಿನದು. ನಿಂತಾಗ ಎದುರಿಗೆ ಕಾಣಿಸುವುದು ಬರೀ ಗೋಡೆ. ಕೆಳಗೆ, ಮೊಣಕಾಲಿನ ಹತ್ತಿರ, ಮೂರನೆಯ ಮಹಡಿಯ ಒಂದು ತುಂಡು ಬೆಳಕು. ಮೊದಲು ಎದೆ ಹೊಡೆದುಕೊಳ್ಳಲು ಶುರುವಾಯಿತು. ಆಮೇಲೆ ಕೈ ಜೋಮು ಹಿಡಿಯಿತು. ಇದು ಹಾರ್ಟ್ ಅಟ್ಯಾಕ್ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಹಿಂದಿನ ದಿನವಷ್ಟೇ ಆಫೀಸಿನಲ್ಲಿ ಅಂಥ ಎರಡು ಕೇಸು ಓದಿದ್ದೆ. "ಅಯ್ಯೋ ದೇವರೇ, ನಾನು ಸಾಯ್ತೇನೆ" ಅಂತ ಕಿರುಚಿದೆ.

ಪಕ್ಕದ ಬಿಲ್ಡಿಂಗಿನಲ್ಲಿ ಕೆಲಸ ಮಾಡುತ್ತಿದ್ದ ಚಾಚಾನನ್ನು ವಾಚ್‌ಮನ್ ಕರೆತಂದಿದ್ದ. ಅವರ ಜೊತೆಯ ಮೆಕ್ಯಾನಿಕ್ ಟೆರೇಸಿನ ಮಷಿನ್ ರೂಮಿಗೆ ಹೋದ. ಚಾಚಾ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತರು. ನನಗೆ ಕಂಡದ್ದು ಅವರ ಚಪ್ಪಲಿ ಮಾತ್ರ.

"ಕನ್ನಡದವ್ರೇನ್ರಿ?" ಎಂದು ಚಪ್ಪಲಿ ಕೇಳಿತು.

"ಹೌದು."

"ಛಲೋ ಆತು. ಇವತ್ತು ಮನ್ಯಾಗ ಏನು ಅಡಿಗಿ ಮಾಡೀರಿ?"

"ನಾನು ಸಾಯ್ತಾ ಇದ್ದೇನೆ ಮಾರಾಯ್ರೆ!"

"ಆತು. ಏನು ಅಡಿಗಿ?"

"ಸೌತೆಕಾಯಿ ಹುಳಿ" ಅಂದೆ. ಹೇಗೆ ಮಾಡುವುದು ಎಂದು ಕೇಳಿದರು. ಬೇಳೆ ಬೇಯಿಸುವುದರಿಂದ ಹೇಳಬೇಕಂತೆ. ಅವಸರದಲ್ಲಿ ನಾನು ಒಗ್ಗರಣೆಗೆ ಹಾರಿದರೆ, "ಹುಣಸಿಹಣ್ಣು ಯಾವಾಗ ಹಾಕಿದ್ರಿ? ಹೇಳ್ಲಿಲ್ಲ" ಎಂದು ಹಿಂದಕ್ಕೆ ತಂದರು. ತೆಂಗಿನಕಾಯಿ ಅರೆಯುವವರೆಗೆ ಬಂದೆ. ಬೆಲ್ಲದ ಸಣ್ಣ ತುಂಡು ಎಂದಾಗ ಅವರು ತಡೆದರು.

"ಹುಳಿಗೆ ಬೆಲ್ಲ ಹಾಕ್ತೀರಿ?"

"ಹೌದು, ಹಾಕ್ತೇವೆ."

"ಪಲ್ಯಾಕ್ಕ?"

"ಪಲ್ಯಕ್ಕೂ."

"ಮತ್ತ ಪಾಯಸಾಕ್ಕ ಏನ್ ಹಾಕ್ತೀರಿ?"

ನನಗೆ ಸಿಟ್ಟು ಬಂತು. ನಮ್ಮ ಊರಿನ ಅಡುಗೆಯ ಬಗ್ಗೆ ನಿಮಗೆಂತ ಗೊತ್ತುಂಟು ಎಂದು ಜೋರು ಮಾಡಿದೆ. ಜೋರು ಮಾಡುತ್ತಿರುವಾಗಲೇ ಲಿಫ್ಟು ಅಂಗುಲ ಅಂಗುಲವಾಗಿ ಕೆಳಗಿಳಿದು ಮೂರನೆಯ ಮಹಡಿಗೆ ಸರಿಯಾಗಿ ನಿಂತಿತು. ಅವರು ಬಾಗಿಲು ಎಳೆದು, ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಸಾಯಾವ್ರು ಇಷ್ಟು ಜಗಳಾಡಂಗಿಲ್ರಿ" ಅಂದರು. ಆಮೇಲೆ ಮುಖ ನೋಡಿ, ದನಿ ತಗ್ಗಿಸಿ, "ಆದ್ರೂ ಎದಿ ಒಮ್ಮೆ ಡಾಕ್ಟರ್‌ಗೆ ತೋರ್ಸ್ರಿ ಅಕ್ಕಾರ. ನಾ ಬರೇ ಲಿಫ್ಟ್ ರಿಪೇರಿ ಮಾಡಾಂವ."

ತೋರಿಸಿದೆ. ಎದೆಗೆ ಏನೂ ಆಗಿರಲಿಲ್ಲ. ಇದು ಗಾಬರಿ, ಇದರಿಂದ ಸಾಯುವುದಿಲ್ಲ ಎಂದು ಡಾಕ್ಟರ್ ಹೇಳಿದರು; ಮಾತಾಡಿಸುವ ಕೌನ್ಸೆಲರ್ ಒಬ್ಬರ ಹತ್ತಿರವೂ ಕಳಿಸಿದರು. ಅವರು ಒಳ್ಳೆಯವರೇ. ಆದರೆ ನಾನು ಲಿಫ್ಟ್ ಹತ್ತುವುದನ್ನು ಬಿಟ್ಟೆ. ದಿನಾ ಆರು ಮಹಡಿ ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಗಂಡ "ವ್ಯಾಯಾಮ ಒಳ್ಳೆಯದೇ" ಅಂದರು. ಆಮೇಲೆ ಮಲಾಡ್ ದಾರಿಯಲ್ಲಿ ಗೋರೆಗಾಂವ್‌ವರೆಗೆ ಹೋಗುವ ಲೋಕಲ್ ಎರಡು ಸ್ಟೇಷನ್ ನಡುವೆ ನಿಂತರೆ ಎದೆ ಹೊಡೆದುಕೊಳ್ಳತೊಡಗಿತು. ಆಮೇಲೆ ಸಿಗ್ನಲ್‌ನಲ್ಲಿ ಬಸ್ ನಿಂತರೂ. ಹೆದರಿಕೆ ಒಂದು ಲಿಫ್ಟಿನಲ್ಲಿ ಹುಟ್ಟಿದ್ದು ಇಡೀ ಮುಂಬಯಿಗೆ ಹರಡಿತು. ಗಂಡನಿಗೆ ಅರ್ಧ ಹೇಳಿದೆ, ಮಗಳಿಗೆ ಏನೂ ಹೇಳಲಿಲ್ಲ.

ಚಾಚಾನಿಗೆ ಗೊತ್ತಾದದ್ದು ಮೆಟ್ಟಿಲ ಮೇಲೆ. ತಿಂಗಳ ಸರ್ವಿಸಿಗೆ ಬಂದವರು ನಾನು ಐದನೆಯ ಮಹಡಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದನ್ನು ನೋಡಿದರು. ಏನೂ ಕೇಳಲಿಲ್ಲ. "ಬರ್ರಿ, ನಿಮಗೊಂದು ತೋರಸ್ತೀನಿ" ಎಂದು ಟೆರೇಸಿಗೆ ಕರೆದುಕೊಂಡು ಹೋದರು. ಮಷಿನ್ ರೂಮಿನಲ್ಲಿ ಎಣ್ಣೆಯ ವಾಸನೆ, ಒಂದು ದೊಡ್ಡ ಚಕ್ರ, ಅದರ ಮೇಲಿಂದ ಇಳಿದ ಉಕ್ಕಿನ ಹಗ್ಗಗಳು.

"ಎಷ್ಟವ, ಎಣಸ್ರಿ."

"ನಾಲ್ಕು."

"ಒಂದು ಸಾಕು, ನಿಮ್ಮನ್ನ ಹಿಡ್ಯಾಕ."

"ಹಾಗಾದ್ರೆ ಉಳಿದ ಮೂರು ಯಾಕೆ?"

"ನಿಮ್ಮಂಥಾವ್ರ ಸಲುವಾಗಿ."

ಆಮೇಲೆ ಒಂದು ಸಣ್ಣ ಚಕ್ರ ತೋರಿಸಿದರು. ಲಿಫ್ಟ್ ಬೇಕಾದ್ದಕ್ಕಿಂತ ಜೋರಾಗಿ ಓಡಿದರೆ ಅದಕ್ಕೆ ತಿಳಿಯುತ್ತದಂತೆ. ಕೂಡಲೇ ಲಿಫ್ಟಿನ ಕೆಳಗಿರುವ ಎರಡು ದವಡೆಗಳು ಬದಿಯ ಕಬ್ಬಿಣದ ಹಳಿಯನ್ನು ಕಚ್ಚಿ ಹಿಡಿಯುತ್ತವಂತೆ. ಕೆಲವು ಸಲ ಏನೂ ಕಾರಣವಿಲ್ಲದೆಯೂ ಕಚ್ಚುತ್ತವಂತೆ. "ಮಂದಿಗೆ ಲಿಫ್ಟ್ ನಿಂತ್ರ ಹೆದರಿಕಿ. ನಿಂತ ಲಿಫ್ಟ್ ಬೀಳಂಗಿಲ್ರಿ. ಬೀಳಬಾರ್ದಂತನ ನಿಂತಿರ್ತದ. ನಿಮ್ಮ ಎದಿನೂ ಹಂಗ. ಸುಮ್ಮಸುಮ್ಮನ ಬ್ರೇಕ್ ಹಾಕ್ಯದ. ಬ್ರೇಕ್ ಛಲೋ ಅದ ಅಂತ ತಿಳ್ಕೋರಿ, ಅಷ್ಟ."

ಉಸಿರಾಟದ ಬಗ್ಗೆಯೂ ಅವರಿಗೆ ಅಭಿಪ್ರಾಯವಿತ್ತು. ನಾನು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ; ನಾಲ್ಕು ಎಣಿಸುತ್ತ ಒಳಗೆ, ನಾಲ್ಕು ಎಣಿಸುತ್ತ ಹಿಡಿ, ಹೀಗೆ. ಎಣಿಕೆ ತಪ್ಪಿತೋ ಎಂದು ಇನ್ನಷ್ಟು ಗಾಬರಿಯಾಗುತ್ತಿತ್ತು. ಚಾಚಾ ಅದನ್ನು ಕೇಳಿ, "ಒಳಗ ತೊಗೊಳ್ಳೂದು ತಾನ ಆಗ್ತದ್ರಿ, ಹುಟ್ಟಿದಾಗಿಂದ ಆಗೇದ. ಹೊರಗ ಬಿಡೂದಷ್ಟ ನೋಡ್ಕೋರಿ. ಬಸಿಯೊಳಗಿನ ಚಾ ಆರಸ್ದಂಗ, ಸಾವಕಾಶ" ಅಂದರು. ಆ್ಯಪ್ ತೆಗೆದೆ.

ಅದೇ ವರ್ಷ ಸೆಕ್ರೆಟರಿಗೆ ಒಂದು ಹುಮ್ಮಸ್ಸು ಬಂದು, 'ಲಿಫ್ಟ್ ನಿಂತರೆ ಗಾಬರಿಯಾಗಬೇಡಿ' ಎಂದು ಮೂರು ಭಾಷೆಯಲ್ಲಿ ಬರೆಸಿ ಲಿಫ್ಟಿನೊಳಗೆ ಅಂಟಿಸಿದರು. ಚಾಚಾ ಮಾರನೆಯ ದಿನವೇ ಅದನ್ನು ಕಿತ್ತರು. ಸೆಕ್ರೆಟರಿ ಕೆಂಡವಾದರು. ಚಾಚಾ ಹೇಳಿದ್ದು ಇಷ್ಟೇ: ಅಲ್ಲಿಯವರೆಗೆ ಲಿಫ್ಟ್ ನಿಲ್ಲಬಹುದು ಎಂಬುದೇ ಜನರ ತಲೆಯಲ್ಲಿ ಇರಲಿಲ್ಲ. ಎರಡನೆಯ ಮಹಡಿಯ ಅಜ್ಜಿ ಓದಿದ ದಿನದಿಂದ ಮೊಮ್ಮಗನನ್ನು ಜೊತೆಗಿಟ್ಟುಕೊಂಡೇ ಹತ್ತುತ್ತಿದ್ದಾರೆ. ಸೆಕ್ರೆಟರಿ ಆ ಅಜ್ಜಿಯನ್ನು ಕೇಳಿಕೊಂಡು ಬಂದು ಸುಮ್ಮನಾದರು.

ಇಷ್ಟೆಲ್ಲ ಆದರೂ ನಾನು ಮೆಟ್ಟಿಲು ಬಿಟ್ಟಿರಲಿಲ್ಲ. ಅಷ್ಟರಲ್ಲಿ ನಮ್ಮ ಆಫೀಸು ಎರಡನೆಯ ಮಹಡಿಯಿಂದ, ಮಲಾಡ್‌ನಲ್ಲೇ ಒಂದು ಹೊಸ ಗಾಜಿನ ಕಟ್ಟಡದ ಹದಿನಾಲ್ಕನೆಯ ಮಹಡಿಗೆ ಹೋಗುವುದೆಂದು ಆಯಿತು. ಹದಿನಾಲ್ಕು ಮಹಡಿ ಹತ್ತಿ ಕೆಲಸಕ್ಕೆ ಕೂರುವುದು ಆಗುವ ಮಾತಲ್ಲ. ಹದಿಮೂರು ವರ್ಷದ ಕೆಲಸ. ನಾನು ರಾಜೀನಾಮೆ ಬರೆದೆ, ಮನೆಯಲ್ಲಿ ಹೇಳದೆ. ಅದನ್ನು ಮೊದಲು ಹೇಳಿದ್ದು ಚಾಚಾನಿಗೆ. ಯಾಕೆಂದು ಈಗಲೂ ಗೊತ್ತಿಲ್ಲ.

"ಬರ್ದೀರಿ? ಛಲೋ ಆತು. ಕೊಡಬ್ಯಾಡ್ರಿ," ಅಂದರು. "ಬೇಸ್ತವಾರ ನನಗ ಸೂಟಿ ಅದ. ಹೋಗಿ ಆ ಲಿಫ್ಟ್ ನೋಡೂಣು."

ಗುರುವಾರ ನಾನು ರಜೆ ಹಾಕಿದೆ. ಚಾಚಾ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಹೇಳಿದ ಸಮಯಕ್ಕಿಂತ ಬರೀ ಮುಕ್ಕಾಲು ಗಂಟೆ ತಡವಾಗಿ, ಮಲಾಡ್ ಸ್ಟೇಷನ್ನಿಗೆ ಬಂದರು. ಹೊಸ ಕಟ್ಟಡದ ಬಾಗಿಲಲ್ಲಿ ಸೆಕ್ಯುರಿಟಿಯವನು ರಿಜಿಸ್ಟರ್ ಮುಂದಿಟ್ಟು, ಯಾಕೆ ಬಂದದ್ದು ಎಂದು ಕೇಳಿದ. ಲಿಫ್ಟ್ ನೋಡಲಿಕ್ಕೆ ಅಂದರು ಚಾಚಾ.

"ಲಿಫ್ಟ್ ಮೇ ಕಂಪ್ಲೇಂಟ್ ಹೈ ಕ್ಯಾ?"

"ಲಿಫ್ಟ್ ಮೇ ನಹೀ ಹೈ," ಎಂದು ಚಾಚಾ ನನ್ನ ಕಡೆ ನೋಡಿದರು.

ಸೆಕ್ಯುರಿಟಿಯವನು ಅವರನ್ನು ಒಳಗೆ ಬಿಡಲಿಲ್ಲ. ನನ್ನ ಹತ್ತಿರ ಆಫೀಸಿನ ಕಾರ್ಡಿತ್ತು, ಅವರ ಹತ್ತಿರ ಇರಲಿಲ್ಲ. ಇಬ್ಬರೂ ಹೋಗುವುದೆಂದು ನಾನು ರಾತ್ರಿಯೆಲ್ಲ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆ. ಈಗ ವಾಪಸು ಹೋಗೋಣ ಅಂದೆ. ಚಾಚಾ ಹೊರಗಿನ ಗಿಡದ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತಾಗಿತ್ತು. "ಒಂದು ಫ್ಲೋರ್ ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ. ಹೆದರಿಕಿ ಆದ್ರ ಆಗ್ಲಿ. ಅದು ಹೋದ ಮ್ಯಾಲ ಹತ್ತತೀನಿ ಅಂದ್ರ, ಹತ್ತೂದು ಆಗಂಗಿಲ್ಲ."

ಒಳಗೆ ಹೋದೆ. ಸ್ಟೀಲಿನ ಬಾಗಿಲು ಎರಡು ಕಡೆಯಿಂದ ಬಂದು ಸೇರಿತು. ಎಲ್ಲ ಶುರುವಾಯಿತು, ಎದೆ, ಕೈ, ಕಿವಿಯಲ್ಲಿ ಗುಂಯ್. ಬಿಸಿ ಚಾ ಆರಿಸಿದ ಹಾಗೆ ಉಸಿರು ಬಿಟ್ಟೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ಬ್ಯಾಗಿನವನೊಬ್ಬ ನನ್ನನ್ನು ನೋಡಿ ಸ್ವಲ್ಪ ಸರಿದು ನಿಂತ. ಹೆದರಿಕೆ ಕಡಿಮೆಯಾಗಲಿಲ್ಲ. ಆದರೆ ಒಂದನೆಯ ಮಹಡಿ ಬಂತು. ಇಳಿದು, ಗೋಡೆ ಹಿಡಿದು ನಿಂತು, ಮೆಟ್ಟಿಲಲ್ಲಿ ಕೆಳಗೆ ಬಂದೆ.

"ಎಷ್ಟಾತು?"

"ಒಂದು."

"ಉಳಿದದ್ದು ಹದಿಮೂರು," ಎಂದು ಎದ್ದರು. "ಬರ್ರಿ, ಚಾ ಕುಡ್ಯೂಣು."

ರಸ್ತೆಬದಿಯ ಟಪರಿಯಲ್ಲಿ ಚಾ ಕುಡಿಯುತ್ತ, ನಾನು ಕೇಳದೆಯೇ, ಅವರು ತಮ್ಮ ವಿಷಯ ಹೇಳಿದರು. ಹದಿನೆಂಟು ವರ್ಷದ ಹಿಂದಿನದು. ಒಂದು ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಗೆ ಇಳಿದು ಕೆಲಸ ಮಾಡುತ್ತಿದ್ದಾಗ ಮೇಲೆ ಯಾರೋ ಸ್ವಿಚ್ ಹಾಕಿಬಿಟ್ಟರು. ಲಿಫ್ಟ್ ಕೆಳಗಿಳಿಯಿತು. ಚಾಚಾ ನೆಲಕ್ಕೆ ಅಂಗಾತ ಮಲಗಿದರು. ಮೂಗಿನಿಂದ ಒಂದು ಮೊಳ ಮೇಲೆ ಅದು ನಿಂತಿತು. ಹತ್ತು ನಿಮಿಷ ಹಾಗೇ ಇದ್ದರಂತೆ. ಹೊರಗೆ ಬಂದು, ಕೈ ತೊಳೆದು, ಊಟ ಮಾಡಿ, ಉಳಿದ ಕೆಲಸ ಮುಗಿಸಿ ಮನೆಗೆ ಹೋದರು. ಮೂರು ವಾರ ಏನೂ ಆಗಲಿಲ್ಲ. ಆಮೇಲೊಂದು ದಿನ ವಿಕ್ರೋಳಿ ಸ್ಟೇಷನ್ನಿನಲ್ಲಿ ಗಾಡಿ ಬಂದು ನಿಂತಾಗ ಕಾಲು ಏಳಲಿಲ್ಲ.

"ಮ್ಯಾನೇಜರ್‌ಗೆ ಕಾಮಾಲಿ ಆಗೇದಂತ ಹೇಳ್ದೆ. ಮನ್ಯಾಗ ಏನೂ ಹೇಳ್ಲಿಲ್ಲ. ದಿನಾ ಡಬ್ಬಿ ತೊಗೊಂಡು ಬರ್ತಿದ್ದೆ, ಪ್ಲಾಟ್‌ಫಾರ್ಮ್ ಬೆಂಚಿನ ಮ್ಯಾಲ ಕುಂಡರ್ತಿದ್ದೆ. ಸಂಜಿಮುಂದ ಮನಿಗಿ ಹೋಗ್ತಿದ್ದೆ. ಒಂದು ತಿಂಗಳಾ."

"ಮನೆಯಲ್ಲಿ ಗೊತ್ತಾಗಲಿಲ್ವಾ?"

"ಅಂಗಿಗೆ ಗ್ರೀಸ್ ಇಲ್ಲಲ್ರಿ. ಒಗ್ಯಾಕಿಗೆ ಗೊತ್ತಾಗಂಗಿಲ್ಲೇನು?"

ಒಂದು ದಿನ ಹೆಂಡತಿ ಹಿಂದೆಯೇ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತರಂತೆ. ಗಾಡಿಗಳು ಬಂದವು, ಹೋದವು. ಕೊನೆಗೆ ಕೇಳಿದರಂತೆ: "ಎಲ್ಲಿತನಾ ಆಗ್ತದ ನಿಮಗ?" "ಇಲ್ಲಿತನಾ." "ಹಂಗಾರ ನಾಳೆ ಘಾಟ್ಕೋಪರ್‌ತನಾ ಹೋಗಿ ಬರೂಣು. ನನಗೂ ಬ್ಯಾಸರಾಗೇದ ಮನ್ಯಾಗ." ಮಾರನೆಯ ದಿನ ಒಂದೇ ಸ್ಟೇಷನ್ ಹೋಗಿ, ಇಳಿದು, ಡಬ್ಬಿ ಬಿಚ್ಚಿ ಇಬ್ಬರೂ ಉಂಡು ವಾಪಸು ಬಂದರು. ಆಮೇಲೆ ವಿದ್ಯಾವಿಹಾರ್. ಆಮೇಲೆ ಕುರ್ಲಾ. ಹೀಗೆ ಇಪ್ಪತ್ತೆರಡು ದಿನ. ಕೊನೆಯ ದಿನ ಆಕೆ ಕೆಲಸದ ಕಟ್ಟಡದ ಗೇಟಿನವರೆಗೆ ಬಂದು, ಅಲ್ಲಿಂದ ಒಬ್ಬರೇ ಮನೆಗೆ ಹೋದರು.

"ನನಗ ಬುದ್ಧಿ ಅಂತ ಏನರ ಇದ್ರ ಅದು ಆಕಿದು," ಎಂದು ಚಾಚಾ ಗ್ಲಾಸು ಕೆಳಗಿಟ್ಟರು.

ನಾನು ಆಫೀಸಿನ ಸ್ಥಳಾಂತರಕ್ಕೆ ಮುಂಚೆ, ಕೆಲಸ ಮುಗಿದ ಮೇಲೆ, ಎರಡು ದಿನಕ್ಕೊಮ್ಮೆ ಆ ಕಟ್ಟಡಕ್ಕೆ ಹೋಗಿ ಒಂದೊಂದು ಮಹಡಿ ಹೆಚ್ಚು ಹೋಗುತ್ತಿದ್ದೆ. ಸೆಕ್ಯುರಿಟಿಯವನು ನಾನು ಇನ್ಸ್‌ಪೆಕ್ಷನ್ ಮಾಡುವವಳು ಎಂದುಕೊಂಡು ಸಲಾಂ ಹೊಡೆಯತೊಡಗಿದ. ಆರನೆಯ ಮಹಡಿಯ ದಿನ ಆಗಲಿಲ್ಲ. ಮೂರರಲ್ಲೇ ಇಳಿದು, ಮೆಟ್ಟಿಲ ಮೇಲೆ ಕೂತು ಅತ್ತೆ. ಎಲ್ಲ ಮುಗಿಯಿತು, ನನ್ನ ಕೈಲಾಗುವುದಿಲ್ಲ ಎಂದು ಚಾಚಾನಿಗೆ ಫೋನ್ ಮಾಡಿದೆ.

"ಇವತ್ತು ಲಿಫ್ಟ್ ಬಂದ್ ಇತ್ತು ಅಂತ ತಿಳ್ಕೋರಿ," ಅಂದರು. "ಒಂದು ದಿನ ಲಿಫ್ಟ್ ಬಂದ್ ಆದ್ರ ಬಿಲ್ಡಿಂಗ್ ಕೆಡವ್ತಾರೇನು?"

ಹದಿನಾಲ್ಕು ಮುಟ್ಟಿದ ದಿನ ಅವರಿಗೆ ಹೇಳಿದರೆ "ಹೌದೇನ್ರಿ" ಎಂದರು, ಅಷ್ಟೇ. ರಾಜೀನಾಮೆ ಇನ್ನೂ ನನ್ನ ಕಪಾಟಿನಲ್ಲೇ ಇದೆ. ಆ ರಾತ್ರಿ ಗಂಡನಿಗೆ ಉಳಿದ ಅರ್ಧವನ್ನೂ ಹೇಳಿದೆ. ಅವರು, "ನನಗೂ ಫೋನ್ ರಿಂಗ್ ಆದ್ರೆ ತೆಗೀಲಿಕ್ಕೆ ಹೆದರಿಕೆ ಆಗ್ತದೆ" ಅಂದರು. ಹದಿನಾರು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಚಾಚಾನಿಗೆ ಬೈಪಾಸ್ ಆಯಿತು. ಹಿಂದಿನ ದಿನ ಆಸ್ಪತ್ರೆಗೆ ಹೋಗಿದ್ದೆ. ಹಸಿರು ಬಟ್ಟೆಯಲ್ಲಿ ಇನ್ನೂ ಬಡಕಲಾಗಿ ಕಾಣುತ್ತಿದ್ದರು. ನಾನು ಜಾಣತನ ಮಾಡಲು ಹೋಗಿ, "ಚಾಚಾ, ನಿಮ್ಮ ಕಡೆ ಎಣ್ಣೆಗಾಯಿ ಹೇಗೆ ಮಾಡ್ತಾರೆ? ಶುರುವಿಂದ ಹೇಳಿ" ಅಂದೆ.

"ಅದು ಲಿಫ್ಟ್‌ನ್ಯಾಗ ಸಿಕ್ಕವ್ರಿಗ್ರಿ ಅಕ್ಕಾರ. ಇಲ್ಲಿ ಬಾಗಲಾ ತೆರದಾ ಅದ," ಎಂದರು.

ಅಷ್ಟರಲ್ಲಿ ನರ್ಸ್ ಬಂದು ರಕ್ತ ತೆಗೆಯಲು ತೋಳಿಗೆ ಪಟ್ಟಿ ಬಿಗಿಯುತ್ತ, ಚಾಚಾ, ಹೆದರಿಕೆ ಏನೂ ಆಗ್ತಿಲ್ಲ ತಾನೆ, ಎಂದು ಹಿಂದಿಯಲ್ಲಿ ಕೇಳಿದಳು. ಆ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಅವಳಿಗೆ ಗೊತ್ತಿತ್ತು, ಕಾಯದೆ ಸೂಜಿ ತೆಗೆದಳು. ಚಾಚಾ, "ಆಗ್ತಾ ಇದೆ. ಬಹಳ ಆಗ್ತಾ ಇದೆ. ನೀನು ನಿನ್ನ ಕೆಲಸ ಮಾಡಮ್ಮ" ಅಂದರು. ನರ್ಸ್ ಕೈ ನಿಲ್ಲಿಸಿದಳು. ಸೂಜಿ ಬದಿಗಿಟ್ಟು, ಸ್ಟೂಲ್ ಎಳೆದು, ಎರಡು ನಿಮಿಷ ಸುಮ್ಮನೆ ಅವರ ಪಕ್ಕ ಕೂತಳು. ಆಮೇಲೆ ರಕ್ತ ತೆಗೆದಳು. ಆ ಸಾಲಿನ ಬೇರೆ ಮಂಚಗಳಲ್ಲಿದ್ದ ಧೈರ್ಯವಂತರಿಗೆ ಅದು ಸಿಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಆರು ತಿಂಗಳಿಗೆ ಕೆಲಸಕ್ಕೂ ಬಂದರು. ಕಳೆದ ವರ್ಷ ನಮ್ಮ ಲಿಫ್ಟ್ ಬದಲಾಗಿ, ಮಹಡಿಯ ನಂಬರ್ ಹೇಳುವ ಹೆಂಗಸಿನ ದನಿಯ ಹೊಸದು ಬಂತು. ಚಾಚಾನಿಗೆ ಆ ದನಿಯ ಮೇಲೆ ಅಸಾಧ್ಯ ಸಿಟ್ಟು. "ಈಕಿಗೆ ಯಾರು ಕೇಳ್ಯಾರ?" ಎನ್ನುತ್ತಿದ್ದರು.

ನೋಟೀಸು ನೋಡಿದ ವಾರವೇ ವಿಕ್ರೋಳಿಗೆ ಹೋದೆ. ಗುಡ್ಡದ ಮಗ್ಗುಲಿನ ಚಾಳಿನಲ್ಲಿ ಅವರ ಮನೆ, ಒಂದೂವರೆ ಕೋಣೆ. ಅವರ ಹೆಂಡತಿಯನ್ನು ನಾನು ಅದೇ ಮೊದಲು ನೋಡಿದ್ದು: ಗಿಡ್ಡ, ದಪ್ಪ, ನಿಧಾನದ ಹೆಂಗಸು. ನಾನು ಯಾರೆಂದು ಹೇಳುವ ಮೊದಲೇ "ಆರನೇ ಫ್ಲೋರ್‌ನವ್ರಲ್ಲೇನ್ರಿ?" ಎಂದು ಕೈ ಹಿಡಿದು ಕೂರಿಸಿದರು.

ಹೇಗಾಯಿತು ಎಂದು ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು ಹೇಳಿದರು:

"ದಿನಾ ಮುಂಜಾನೆ ಅವ್ರು ಚಪ್ಪಲ್ ಹಾಕ್ಕೊಳ್ಳಾಗ ನಾ ಕೇಳ್ತಿದ್ದೆ, ಇವತ್ತು ಹೆದರಿಕಿ ಎಷ್ಟದ ಅಂತ. ಸ್ವಲ್ಪ ಅದ ಅಂತಿದ್ರು. ಒಮ್ಮೊಮ್ಮೆ ಬಾಳ ಅದ ಅಂತಿದ್ರು. ಬಾಳ ಅಂದ್ರ ಡಬ್ಬ್ಯಾಗ ಒಂದು ರೊಟ್ಟಿ ಹೆಚ್ಚಿಗಿ ಹಾಕ್ತಿದ್ದೆ. ಇಪ್ಪತ್ತು ವರ್ಷದ ಮ್ಯಾಲ ಹಿಂಗ ನಡೀತು. ಅವತ್ತೂ ಕೇಳ್ದೆ. ಏನೂ ಇಲ್ಲ ಅಂದ್ರು. ಏನೂ ಇಲ್ಲ ಅಂದ್ರ? ಅಂದೆ. ಏನೂ ಇಲ್ಲ, ಒಳಗ ಖಾಲಿ ಅದ ಅಂದ್ರು. ಖುಷಿಲೇನ ಅಂದ್ರು. ಅದು ನನಗ ಛಲೋ ಅನಸ್ಲಿಲ್ಲ. ಇವತ್ತು ಹೋಗಬ್ಯಾಡ್ರಿ ಅಂದೆ. ನಕ್ರು. ಆದ್ರ ನನ್ನ ಮಾತು ಕೇಳಿ ಉಳಿದ್ರು. ಮಧ್ಯಾಹ್ನ ಉಂಡು, ಗ್ವಾಡಿಗೆ ಆನಿಕೊಂಡು ಕುಂತ್ರು. ಹಂಗ ಹೋದ್ರು."

ಹೊರಗೆ ಯಾರೋ ನೀರಿನ ಡ್ರಮ್ಮು ಉರುಳಿಸಿಕೊಂಡು ಹೋದರು. ಆಮೇಲೆ ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು:

"ನಿಮಗಿನ್ನೂ ಆಗ್ತದೇನ್ರಿ, ಹೆದರಿಕಿ?"

ಸುಳ್ಳು ಹೇಳೋಣ ಎನ್ನಿಸಿತು. ಹೇಳಲಿಲ್ಲ.

"ಆಗ್ತದೆ. ದಿನಾ ಸ್ವಲ್ಪ."

ಆಕೆ ನನ್ನ ಕೈಯನ್ನು ಎರಡು ಸಲ ತಟ್ಟಿದರು.

"ಇರ್ಲಿ ಬಿಡ್ರಿ," ಎಂದರು. "ಇರ್ಲಿ."